ಎಡರೆಕ್ಕೆಗೆ ಕೆಂಪು, ಬಲರೆಕ್ಕೆಗೆ ಹಸಿರು

ಸಾಮಾನು ಕೋಣೆ ನೋಡಿಕೊಳ್ಳುವ ಸ್ಟೋರಿನವರು ಆ ದಿನ ಬೆಳಿಗ್ಗೆ ವಿಮಾನದ ಎದುರಿಗೆ ನಿಲ್ಲುವ ಬದಲು ಹಿಂದುಗಡೆ ನಿಂತಿದ್ದರೆ ಬಲ್ಬಣ್ಣನಿಗೆ ನಾಲ್ಕು ಸಲ ಏಣಿ ಹತ್ತುವ ಗತಿ ಬರುತ್ತಿರಲಿಲ್ಲ. ಆದರೆ ಅವರು ನಿಂತದ್ದು ಎದುರಿಗೇ. ಕೈಯಲ್ಲಿ ತಪಾಸಣೆಯ ಪಟ್ಟಿ ಬೇರೆ ಇತ್ತು.

ಬಲ್ಬಣ್ಣ ವಿಮಾನದ ಷೆಡ್ಡಿನಲ್ಲಿ ವೈರಿಂಗ್ ಕೆಲಸದವನು. ಷೆಡ್ಡು ದೊಡ್ಡದು, ಒಳಗಿರುವ ವಿಮಾನ ಒಂದೇ. ಅದೂ ಇಬ್ಬರು ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರುವಂಥದ್ದು. ಸೀಟಿನ ಹಿಂದೆ ಟಪಾಲು ಚೀಲ ತುರುಕಲು ಒಂದಿಷ್ಟು ಜಾಗ. ಅದನ್ನು ಹಾರಿಸುವವರು ಬಲ್ಬಣ್ಣನ ಅಕ್ಕನ ಗಂಡ, ಅಂದರೆ ಭಾವ. ಇಪ್ಪತ್ತೆರಡು ವರ್ಷದಿಂದ ಬೆಳಗಿನ ಟಪಾಲನ್ನು ಕೊಲ್ಲಿಯ ಆಚೆ ದಡಕ್ಕೆ ಒಯ್ದು, ಅಲ್ಲಿಯದನ್ನು ಇಲ್ಲಿಗೆ ತಂದು, ಸಂಜೆ ಐದಕ್ಕೆಲ್ಲ ಮನೆ ಸೇರುತ್ತಿದ್ದರು.

ಹೀಗಿರುವಾಗ ಟಪಾಲಿನವರು ಸಂಜೆಯ ಚೀಲವನ್ನೂ ಒಯ್ಯುತ್ತೀರಾ ಎಂದು ಕೇಳಿದರು. ಆರಕ್ಕೆ ಹೊರಟು ಒಂಬತ್ತಕ್ಕೆ ವಾಪಸು. ಕತ್ತಲಲ್ಲಿ ಹಾರಬೇಕು. ಕತ್ತಲಲ್ಲಿ ಹಾರುವುದೆಂದರೆ ಸೈಕಲ್ಲಿಗೆ ಡೈನಮೋ ಕಟ್ಟಿದಷ್ಟು ಸುಲಭವಲ್ಲ. ಎಡರೆಕ್ಕೆಯ ತುದಿಗೆ ಕೆಂಪು ದೀಪ, ಬಲರೆಕ್ಕೆಗೆ ಹಸಿರು, ಬಾಲಕ್ಕೆ ಬಿಳಿ. ನೆತ್ತಿಯ ಮೇಲೆ ಮಿಣುಕುವ ದೀಪ ಒಂದು. ಇಳಿಯುವಾಗ ನೆಲ ಕಾಣಲು ಮೂಗಿನ ಕೆಳಗೆ ದೊಡ್ಡ ದೀಪ. ಒಳಗೆ ಮುಳ್ಳು ಗಡಿಯಾರದಂಥವು ಎಂಟು ಇವೆಯಲ್ಲ, ಅವು ಕಾಣುವಷ್ಟು ಮಂದ ಬೆಳಕು, ಕಣ್ಣು ಕುಕ್ಕದ ಹಾಗೆ. ಹೆಚ್ಚುವರಿ ಫ್ಯೂಸು. ಎಲ್ಲವೂ ಕೈಕೊಟ್ಟರೆ ಅಂತ ಒಂದು ಟಾರ್ಚು.

"ಇದನ್ನೆಲ್ಲ ಯಾರಪ್ಪ ಮಾಡೋರು?" ಎಂದು ಷೆಡ್ಡಿನಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡಾಗ, "ನಾನು" ಎಂದು ಬಲ್ಬಣ್ಣ ಕೈ ಎತ್ತಿಬಿಟ್ಟ. ಯಾವತ್ತೂ ತಾನಾಗಿ ಕೆಲಸಕ್ಕೆ ಕೈ ಎತ್ತಿದವನಲ್ಲ. ಭಾವನ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ಊರೆಲ್ಲ ಹೊಗಳಿತು. ಅಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಒಳಗಿನ ವಿಷಯ ಬೇರೆಯೇ ಇತ್ತು. ಅಕ್ಕ, ಭಾವ, ಬಲ್ಬಣ್ಣ, ಅವನ ಹೆಂಡತಿ, ಎಲ್ಲರದೂ ಒಂದೇ ಮನೆ, ಒಂದೇ ನಡುಮನೆ. ಭಾವ ಐದೂವರೆಗೆ ಮುಖ ತೊಳೆದು ಬಂದು ಕೂತರೆಂದರೆ ಬಾಯಿ ತೆರೆಯುತ್ತಿತ್ತು. ಮಂಜಿನಲ್ಲಿ ವಿಮಾನ ಇಳಿಸಿದ್ದು, ಹದ್ದು ಬಂದು ಗಾಜಿಗೆ ಬಡಿದದ್ದು, ಯಾರೋ ದೊಡ್ಡ ಮನುಷ್ಯರು ಇವರ ಪಕ್ಕ ಕೂತು ವಾಂತಿ ಮಾಡಿಕೊಂಡದ್ದು. ಹದಿನಾಲ್ಕು ವರ್ಷದಿಂದ ಅವೇ ಕತೆ. ಹೆಂಗಸರು ಅಡುಗೆಮನೆಗೆ ನುಸುಳಿಬಿಡುತ್ತಿದ್ದರು. ಸಿಕ್ಕಿಬೀಳುತ್ತಿದ್ದವನು ಬಲ್ಬಣ್ಣ. ಆಕಳಿಸಿದರೆ, "ನಿದ್ದೆ ಬರ್ತಿದೆಯೇನೋ, ತಡಿ, ಇಲ್ಲೇ ಸ್ವಾರಸ್ಯ ಇರೋದು" ಎಂದು ತೊಡೆಗೆ ಒಂದು ಬಿಡುತ್ತಿದ್ದರು. ಆ ಎಡತೊಡೆ ಈಗ ಬಲತೊಡೆಗಿಂತ ಒಂದು ಸುತ್ತು ಚಪ್ಪಟೆಯಾಗಿದೆ ಎಂದು ಬಲ್ಬಣ್ಣನಿಗೆ ಗುಮಾನಿ.

ಸಂಜೆ ಆರರಿಂದ ಒಂಬತ್ತು. ಯಾರೂ ಮಾತಾಡದ ಮೂರು ಗಂಟೆ. ಅದಕ್ಕಾಗಿ ಬಲ್ಬಣ್ಣ ವಿಮಾನಕ್ಕೆ ಏನು, ಚಂದ್ರನಿಗೆ ಬೇಕಾದರೂ ವೈರಿಂಗ್ ಮಾಡಿಕೊಡುತ್ತಿದ್ದ.

ಮೂರು ವಾರ ದುಡಿದ. ಆ ದಿನ ನಾಲ್ಕು ಗಂಟೆಗೆ ತಪಾಸಣೆಗೆ ಇನ್ಸ್‌ಪೆಕ್ಟರಮ್ಮ ಬರುವವರಿದ್ದರು, ಅದಕ್ಕೆಂದೇ ಬೆಳಗಿನ ಹಾರಾಟಕ್ಕೆ ರಜೆ. ಅವರು ಸಹಿ ಹಾಕಿದರೆ ನಾಳೆಯಿಂದಲೇ ಸಂಜೆಯ ಟಪಾಲು. ಹಾಕದಿದ್ದರೆ ಆ ಕೆಲಸ ಇನ್ನೊಂದು ಊರಿನ ವಿಮಾನಕ್ಕೆ, ಭಾವ ಎಂದಿನಂತೆ ನಡುಮನೆಗೆ.

ಹಾಗಾಗಿ ಬೆಳಿಗ್ಗೆ ಸ್ಟೋರಿನವರು ವಿಮಾನದ ಎದುರು ನಿಂತು "ಬಲ್ಬಣ್ಣ, ಕೆಟ್ಟೆವಲ್ಲೋ!" ಎಂದಾಗ ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ತಿರುಗಿದ.

"ಏನಾಯ್ತು?"

"ಪಟ್ಟಿಲಿ ಏನಿದೆ? ಎಡಕ್ಕೆ ಕೆಂಪು. ಇಲ್ಲಿ ನೋಡು, ನನ್ನ ಎಡಕ್ಕೆ ಏನಿದೆ? ಹಸಿರು!"

ಬಲ್ಬಣ್ಣ ಓಡಿಬಂದು ಅವರ ಪಕ್ಕ ನಿಂತು ನೋಡಿದ. ಹೌದು, ಎಡಕ್ಕೆ ಹಸಿರೇ ಇತ್ತು.

"ನಾನು ಸೀಟಲ್ಲಿ ಕೂತು ನೋಡಿ ಹಾಕಿದ್ದೆ ಕಣ್ರೀ."

"ಸೀಟಲ್ಲಿ ಕೂತ್ರೆ ರೆಕ್ಕೆ ದೀಪ ಎಲ್ಲಿ ಕಾಣುತ್ತೆ? ಎದುರಿಗೆ ಬರೋರಿಗೆ ಕಾಣಲಿ ಅಂತ ತಾನೇ ಹಾಕೋದು? ಇನ್ಸ್‌ಪೆಕ್ಟರಮ್ಮ ಬಂದ್ರೆ ಎಲ್ಲಿ ನಿಲ್ತಾರೆ, ಎದುರಿಗೆ ತಾನೇ?"

ಸ್ಟೋರಿನವರು ಹತ್ತನೇ ಕ್ಲಾಸು ಪಾಸಾದವರು. ಬಲ್ಬಣ್ಣ ಆಗಿರಲಿಲ್ಲ. ಏಣಿ ತಂದ. ಒಂದೊಂದು ದೀಪಕ್ಕೆ ನಾಲ್ಕು ಸ್ಕ್ರೂ, ಒಂದು ಗಾಜಿನ ಮುಚ್ಚಳ, ಒಂದು ರಬ್ಬರು ಬಳೆ. ಬಿಚ್ಚಿ, ಅದನ್ನಿಲ್ಲಿ ಇದನ್ನಲ್ಲಿ ಕೂರಿಸುವಷ್ಟರಲ್ಲಿ ಹತ್ತು ಗಂಟೆ.

ಅಷ್ಟು ಹೊತ್ತಿಗೆ ದೋಣಿ ತಾತ ಬಂದ. ತಾತ ಕೊಲ್ಲಿಯಲ್ಲಿ ನಲವತ್ತು ವರ್ಷ ದೋಣಿ ನಡೆಸಿ ಬಿಟ್ಟವನು. ಈಗ ಬೇರೆಯವರ ಕೆಲಸ ನೋಡುವುದೇ ಅವನ ಕೆಲಸ. ಷೆಡ್ಡಿನ ಬಾಗಿಲಲ್ಲಿ ನಿಂತು ನಗಲು ಶುರುಮಾಡಿದ.

"ಯಾಕೆ ತಾತ?"

"ಇದು ಹಿಂದಕ್ಕೆ ಹಾರೋ ವಿಮಾನವೇನೋ? ದೀಪ ತಿರುಗುಮುರುಗಾಗಿದೆಯಲ್ಲೋ. ನಮ್ಮ ದೋಣಿಲೂ ಇದೇ ಬಣ್ಣ. ಚುಕ್ಕಾಣಿ ಹಿಡಿದು ಮುಂದೆ ನೋಡ್ತಾ ನಿಂತೋನಿಗೆ ಎಡಕ್ಕೆ ಕೆಂಪು. ಇನ್ನೊಬ್ಬ ನಿನ್ನ ಕೆಂಪು ಕಂಡ್ರೆ ಒಂದು ಕಡೆ ಸರೀತಾನೆ, ಹಸಿರು ಕಂಡ್ರೆ ಇನ್ನೊಂದು ಕಡೆ. ಹೀಗೆ ಹಾಕಿದ್ರೆ ಸರಿದು ಸರಿದು ನಿನ್ನ ಭಾವನ ಮಡಿಲಿಗೇ ಬರ್ತಾನೆ."

"ನೀರೇ ಬೇರೆ, ಗಾಳಿಯೇ ಬೇರೆ" ಎಂದರು ಸ್ಟೋರಿನವರು.

"ಎಡಗಡೆ ಎರಡು ಕಡೆನೂ ಎಡಗಡೆಯೇ ಕಣಪ್ಪ" ಎಂದ ತಾತ.

ಬಲ್ಬಣ್ಣ ಇಬ್ಬರ ಮುಖವನ್ನೂ ನೋಡಿದ. ತಾತ ಇದುವರೆಗೆ ಯಾರಿಗೂ ಡಿಕ್ಕಿ ಹೊಡೆದಿರಲಿಲ್ಲ. ಮತ್ತೆ ಏಣಿ, ಮತ್ತೆ ಎಂಟು ಸ್ಕ್ರೂ. ಹನ್ನೊಂದೂಕಾಲು.

ಇಲ್ಲಿಗೆ ನಿಂತಿದ್ದರೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ಸೋತು ಸುಮ್ಮನಿರುವ ಜನವಲ್ಲ ಸ್ಟೋರಿನವರು. "ಆಯ್ತು, ತಾತನ ಮಾತೇ ಇರಲಿ. ಸೀಟಲ್ಲಿ ಕೂತೇ ನೋಡು. ಗೊಂದಲವೇ ಬೇಡ, ಸ್ಕ್ರೂಡ್ರೈವರ್ ಹಿಡಿಯೋ ಕೈ ಎತ್ತು. ಅದು ಬಲಗೈ ತಾನೇ? ಆ ಕಡೆ ಹಸಿರು ಇರ್ಬೇಕು."

ಬಲ್ಬಣ್ಣ ಸೀಟಿನಲ್ಲಿ ಕೂತ. ಸ್ಕ್ರೂಡ್ರೈವರ್ ಇದ್ದ ಕೈಯನ್ನು ಎತ್ತಿ ಹಿಡಿದ. ಆ ಕಡೆ ಕತ್ತು ಚಾಚಿ ನೋಡಿದರೆ ಕೆಂಪು!

"ಅಯ್ಯೋ!" ಎಂದ ಬಲ್ಬಣ್ಣ.

"ನೋಡಿದ್ಯಾ!" ಎಂದರು ಸ್ಟೋರಿನವರು.

ತಾತನಿಗೂ ತನ್ನ ನಲವತ್ತು ವರ್ಷದ ಮೇಲೆ ಅನುಮಾನ ಬಂದು ಮರಳು ತುಂಬಿದ ಬಕೆಟ್ಟಿನ ಮೇಲೆ ಕೂತುಬಿಟ್ಟ. ಬಲ್ಬಣ್ಣ ಮೂರನೆಯ ಸಲ ಏಣಿ ಹತ್ತಿದ. ಈ ಸಲ ಒಂದು ಸ್ಕ್ರೂ ಕೈಜಾರಿ ಕೆಳಗೆ ಬಿತ್ತು. ಮೂವರೂ ನೆಲದ ಮೇಲೆ ಅಂಬೆಗಾಲಿಟ್ಟು ಹುಡುಕಿದರು. ಅದು ತಾತನ ಚಪ್ಪಲಿಯೊಳಗಿತ್ತು.

ಹನ್ನೆರಡೂವರೆಗೆ ಹೆಂಡತಿ ಬಂದಳು. ಪಟ್ಟಿಯಲ್ಲಿದ್ದ ಟಾರ್ಚನ್ನು ಬಲ್ಬಣ್ಣ ಮನೆಯಲ್ಲೇ ಮರೆತಿದ್ದ.

"ರೀ, ತಗೊಳ್ಳಿ. ಸೆಲ್ ಇಲ್ಲ ಇದರಲ್ಲಿ."

"ಸೆಲ್ ಏನಾಯ್ತೇ?"

"ನಿಮ್ಮ ಭಾವ ರೇಡಿಯೋಗೆ ಹಾಕ್ಕೊಂಡಿದ್ರು. ಕೇಳಿದ್ದಕ್ಕೆ, ರೇಡಿಯೋಲಿ ಹವಾಮಾನ ಕೇಳ್ಬೇಕು, ಒಂದು ಸಲ ಹವಾಮಾನ ಕೇಳದೆ ಹೋಗಿ ಏನಾಯ್ತು ಗೊತ್ತಾ ಅಂತ ಶುರು ಮಾಡಿದ್ರು. ಟಾರ್ಚ್ ಹಿಡ್ಕೊಂಡು ಓಡಿಬಂದೆ. ದಾರಿಲಿ ಅಂಗಡಿಯಿಂದ ಹೊಸಾದು ತಂದಿದೀನಿ, ಹಾಕ್ಕೊಳ್ಳಿ." ಅವಳು ಗಂಡನ ಕಡೆ ನೋಡಿದಳು. "ಅದ್ಯಾಕೆ ಮುಖ ಹಿಂಡಿದ ನಿಂಬೆಹಣ್ಣಿನ ಹಾಗಾಗಿದೆ?"

ಬಲ್ಬಣ್ಣ ನಡೆದದ್ದನ್ನೆಲ್ಲ ಹೇಳಿದ. ಸ್ಕ್ರೂಡ್ರೈವರ್ ಎತ್ತಿ ತೋರಿಸಿಯೂ ತೋರಿಸಿದ. ಹೆಂಡತಿ ಅವನ ಕೈಯನ್ನೇ ನೋಡಿದಳು.

"ರೀ, ನೀವು ಎಡಚರು!"

ಬಲ್ಬಣ್ಣ ಸ್ಕ್ರೂಡ್ರೈವರನ್ನು ಇನ್ನೊಂದು ಕೈಗೆ ದಾಟಿಸಿ ನೋಡಿಕೊಂಡ.

"ಮದುವೆಯಾಗಿ ಇಷ್ಟು ವರ್ಷ ಪಕ್ಕದಲ್ಲಿ ಊಟಕ್ಕೆ ಕೂತು ಮೊಣಕೈ ತಿವಿಸಿಕೊಂಡೋಳು ನಾನು, ನನಗೆ ಗೊತ್ತಿಲ್ವಾ?"

ತಾತ ಬಕೆಟ್ಟಿನಿಂದ ಗೆದ್ದ ಪೈಲ್ವಾನನ ಹಾಗೆ ಎದ್ದ. ಸ್ಟೋರಿನವರು "ಎಡಚ ಅಂತ ಮೊದಲೇ ಹೇಳ್ಬೇಕಪ್ಪ, ಪಟ್ಟಿಲಿ ಅದಿಲ್ಲ" ಎಂದು ಗೊಣಗುತ್ತಾ ಕತ್ತಲ ಮೂಲೆಗೆ ಸರಿದರು. ಬಲ್ಬಣ್ಣ ನಾಲ್ಕನೆಯ ಸಲ ಏಣಿ ಹತ್ತಿದ. ಈಗ ಆ ಸ್ಕ್ರೂಗಳು ಅವನ ಬೆರಳಿಗೆ ತಾವಾಗಿಯೇ ಬರುತ್ತಿದ್ದವು, ಸಾಕಿದ ಕೋಳಿಗಳ ಹಾಗೆ.

ಎರಡು ಗಂಟೆಗೆ ಷೆಡ್ಡಿನ ತಗಡು ಬಾಗಿಲು ಎಳೆದು, ಕಿಟಕಿಗೆ ಟಾರ್ಪಾಲು ಕಟ್ಟಿ ಕತ್ತಲು ಮಾಡಿದರು. ದೀಪ ಎಲ್ಲ ಒಂದು ಸಲ ಹಾಕಿ ನೋಡಬೇಕಲ್ಲ. ಬಲ್ಬಣ್ಣ ಒಳಗೆ ಕೂತು ಕತ್ತಲಲ್ಲೇ ತಡವಿ ಮೂಗಿನ ದೊಡ್ಡ ದೀಪದ ಗುಂಡಿ ಒತ್ತಿದ. ಹಗಲಿಗಿಂತ ಜೋರಾದ ಬೆಳಕು ನೇರವಾಗಿ ಹೋಗಿ ಎದುರಿನ ಮೂಲೆಗೆ ಬಿತ್ತು. ಆ ಬೆಳಕಿನ ನಟ್ಟನಡುವೆ ಸ್ಟೋರಿನವರು, ನಾಟಕದ ರಾಜನ ಹಾಗೆ. ಒಂದು ಕೈಯಲ್ಲಿ ಬಲ್ಬಣ್ಣನ ಊಟದ ಡಬ್ಬಿ. ಬಾಯಲ್ಲಿ ಅವನ ಬೇಯಿಸಿದ ಮೊಟ್ಟೆ, ಇಡಿಯಾಗಿ.

"ಏನ್ರೀ ಅದು?"

ಸ್ಟೋರಿನವರು ನುಂಗಲೂ ಆಗದೆ ಉಗುಳಲೂ ಆಗದೆ ಕೈಸನ್ನೆ ಮಾಡಿದರು. ಆಮೇಲೆ ಹೇಳಿದರು: "ದೀಪ ಚೆನ್ನಾಗಿದೆ. ಅಷ್ಟು ದೂರದಿಂದ ಮೊಟ್ಟೆ ಕಂಡಿತು ಅಂದ್ರೆ ನೆಲ ಕಾಣಲ್ವಾ?"

ಬಲ್ಬಣ್ಣ ಹಸಿದ ಹೊಟ್ಟೆಯಲ್ಲೇ ಮಿಕ್ಕ ಕೆಲಸ ಮುಗಿಸಿದ. ನೆತ್ತಿಯ ದೀಪ ಮಿಣುಕಿತು. ಬಾಲದ ದೀಪ ಬೆಳಗಿತು. ಒಳಗಿನ ಮಂದ ದೀಪವನ್ನು ಹೆಚ್ಚು ಕಮ್ಮಿ ಮಾಡುವ ಗುಂಡಿಯೂ ಮಾತು ಕೇಳಿತು.

ಮೂರೂವರೆಗೆ ಭಾವ ಹಾರಿಬಂದ ಠೀವಿಯಲ್ಲಿ ನಡೆದುಕೊಂಡು ಬಂದರು. ವಿಮಾನವನ್ನು ಒಂದು ಸುತ್ತು ನೋಡಿದವರೇ ಬಲ್ಬಣ್ಣನನ್ನು ತಬ್ಬಿಕೊಂಡರು.

"ಲೋ ಬಾಮೈದ! ಈ ಭಾವನಿಗೋಸ್ಕರ ಎಷ್ಟು ಮಾಡಿದ್ಯೋ! ನನ್ನ ಸ್ವಂತ ತಮ್ಮ ಆಗಿದ್ರೂ ಮಾಡ್ತಿರಲಿಲ್ಲ. ಒಂದೇ ಬೇಜಾರು ನೋಡು. ಇನ್ನು ಮೇಲೆ ಸಂಜೆ ಹೊತ್ತು ನಿನಗೆ ಜೊತೆಯಿಲ್ಲ."

"ಏನ್ಮಾಡೋದು ಭಾವ, ಕೆಲಸ ಮುಖ್ಯ" ಎಂದ ಬಲ್ಬಣ್ಣ. ಸಂತೋಷ ಕಾಣದಿರಲೆಂದು ಬಗ್ಗಿ ಚಕ್ರ ಒರೆಸಿದ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಆಕಡೆ ತಿರುಗಿದಳು.

ನಾಲ್ಕಕ್ಕೆ ಸರಿಯಾಗಿ ಇನ್ಸ್‌ಪೆಕ್ಟರಮ್ಮ ಬಂದರು. ಸಣ್ಣ ಆಳು, ದಪ್ಪ ಕನ್ನಡಕ. ಮಾತಾಡಿದರೆ ಸವೆದುಹೋಗುತ್ತದೇನೋ ಎಂಬಂತೆ ಮಾತು. ಬಂದವರು ನೆಟ್ಟಗೆ ಹೋಗಿ ವಿಮಾನದ ಎದುರಿಗೇ ನಿಂತರು. ಅವರ ಎಡಕ್ಕೆ ಹಸಿರು. ಸ್ಟೋರಿನವರು ಬಾಯಿ ತೆರೆದರು. ತಾತ ತನ್ನ ಅಂಗೈಯಿಂದ ಅದನ್ನು ಮುಚ್ಚಿದ. ಇನ್ಸ್‌ಪೆಕ್ಟರಮ್ಮ ಒಂದು ಗಳಿಗೆ ನೋಡಿ, ಹಾಳೆಯ ಮೇಲೆ ಸರಿ ಎಂದು ಗೀಟು ಎಳೆದರು. ಬಲ್ಬಣ್ಣನಿಗೆ ಹೋದ ಜೀವ ಬಂತು.

ಎಂಜಿನ್ ಶುರು ಮಾಡಿಸಿದರು. ಎಲ್ಲ ದೀಪ ಒಟ್ಟಿಗೆ ಹಾಕಿಸಿ ಬ್ಯಾಟರಿಯ ಮುಳ್ಳು ಬಾಗುತ್ತದೆಯೇ ನೋಡಿದರು. ಬಾಗಲಿಲ್ಲ. ಫ್ಯೂಸು ಎಣಿಸಿದರು. ಟಾರ್ಚು ಹಾಕಿ ಆರಿಸಿದರು. ಗೀಟು, ಗೀಟು, ಗೀಟು. ಬಲ್ಬಣ್ಣನ ಕಣ್ಣಿಗೆ ಆಗಲೇ ತನ್ನ ಮನೆ ಕಾಣುತ್ತಿತ್ತು. ಖಾಲಿ ನಡುಮನೆ. ಗೋಡೆ ಗಡಿಯಾರದ ಟಿಕ್ ಟಿಕ್ ಒಂದೇ ಸದ್ದು.

"ವೈರಿಂಗ್ ಅಚ್ಚುಕಟ್ಟಾಗಿದೆ" ಎಂದರು ಇನ್ಸ್‌ಪೆಕ್ಟರಮ್ಮ. "ಇನ್ನೊಂದು ಬಾಕಿ. ಪೈಲಟ್ ಯಾರು? ಒಳಗೆ ಕೂತ್ಕೊಳ್ಳಿ. ಕಣ್ಣಿಗೆ ಬಟ್ಟೆ ಕಟ್ಟಿ."

"ಏನು?" ಎಂದರು ಭಾವ.

"ಆಕಾಶದಲ್ಲಿ ಒಳಗಿನ ದೀಪ ಆರಿಹೋಯ್ತು ಅಂದ್ಕೊಳ್ಳಿ. ಯಾವ ಗುಂಡಿ ಎಲ್ಲಿದೆ ಅಂತ ಕೈಗೆ ಗೊತ್ತಿರ್ಬೇಕು. ನಾನು ಹೇಳಿದ್ದನ್ನ ಮುಟ್ಟಿ ತೋರಿಸಿ."

"ಇಪ್ಪತ್ತೆರಡು ವರ್ಷ ಇದರಲ್ಲೇ ಹಾರಿದೀನಿ ಅಮ್ಮ. ಒಂದು ಸಲ ಮಂಜಿನಲ್ಲಿ..."

"ಬಟ್ಟೆ ಕಟ್ಟಿ."

ಸ್ಟೋರಿನವರ ಟವೆಲನ್ನು ಕಟ್ಟಿದರು. ಅದರಲ್ಲಿ ಇನ್ನೂ ಮೊಟ್ಟೆಯ ವಾಸನೆ ಇತ್ತು. ಎಂಜಿನ್ ಆರಿಸಿಯಾಗಿತ್ತು. ಇನ್ಸ್‌ಪೆಕ್ಟರಮ್ಮ ಒಂದು ಬಾಗಿಲ ಬಳಿ, ಬಲ್ಬಣ್ಣ ಇನ್ನೊಂದರ ಬಳಿ.

"ಇಳಿಯೋ ದೀಪ."

ಭಾವ ಠೀವಿಯಿಂದ ಕೈ ಚಾಚಿ ಪೆಟ್ರೋಲಿನ ಕೀಲಿ ಮುಟ್ಟಿದರು.

"ರೆಕ್ಕೆ ದೀಪ."

ಭಾವನ ಕೈ ಗಾಳಿಯಲ್ಲಿ ಅಲೆದು ಇನ್ಸ್‌ಪೆಕ್ಟರಮ್ಮನ ಕನ್ನಡಕಕ್ಕೆ ಬಂದು ನಿಂತಿತು. ಎರಡು ಸಲ ಒತ್ತಿದರು. "ಇದು ಸ್ವಲ್ಪ ಬಿಗಿ ಇದೆ ಕಣೋ ಬಾಮೈದ."

ಇನ್ಸ್‌ಪೆಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಲು ಶುರುಮಾಡಿದರು. ಹದಿನಾಲ್ಕು ವರ್ಷದ ಸಂಜೆಗಳೆಲ್ಲ ಬಲ್ಬಣ್ಣನ ಕಣ್ಣ ಮುಂದೆ ಸಾಲುಗಟ್ಟಿ ನಿಂತವು. ಇನ್ನು ಬರಲಿರುವ ಸಂಜೆಗಳು ಅವುಗಳ ಹಿಂದೆ. ತಡೆಯಲಾರದೆ ಪಿಸುಗುಟ್ಟಿದ: "ಭಾವ, ಕೆಳಗೆ. ಇನ್ನೂ ಕೆಳಗೆ. ಎಡದಿಂದ ಮೂರನೇದು."

ಭಾವನ ಬೆರಳು ಸರಿಯಾದ ಗುಂಡಿಗೆ ತಾಗಿತು.

"ಯಾರು ಹೇಳಿಕೊಟ್ಟಿದ್ದು?"

ತಾತ ಚಾವಣಿ ನೋಡಿದ. ಸ್ಟೋರಿನವರು ಮಾತ್ರ ಬಲ್ಬಣ್ಣನ ಕಡೆ ಬೆರಳು ತೋರಿಸಿದರು.

"ನೀವಾ? ನೀವು ಬನ್ನಿ. ಕೂತ್ಕೊಳ್ಳಿ. ಬಟ್ಟೆ ಕಟ್ಟಿ."

ಬಲ್ಬಣ್ಣ ಕೂತ. ಟವೆಲು ಕಟ್ಟಿದರು. ತಾನು ಚೆನ್ನಾಗಿ ಮಾಡಿದರೆ ಭಾವನ ತಪ್ಪು ಮುಚ್ಚಿಹೋದೀತು ಎಂದು ಅವನ ಲೆಕ್ಕಾಚಾರ. ಇನ್ಸ್‌ಪೆಕ್ಟರಮ್ಮ ಹೇಳುತ್ತಾ ಹೋದರು, ಮೊದಲು ನಿಧಾನ, ಆಮೇಲೆ ಜೋರು. ಬಾಲ. ನೆತ್ತಿ. ಇಳಿಯೋ ದೀಪ. ಒಳಗಿನ ಬೆಳಕು ಕಮ್ಮಿ. ರೆಕ್ಕೆ. ಟಾರ್ಚ್. ಹೆಚ್ಚುವರಿ ಫ್ಯೂಸ್. ಬಲ್ಬಣ್ಣನ ಎಡಗೈ ಹಾರ್ಮೋನಿಯಂ ಮೇಲೆ ಓಡಿದ ಹಾಗೆ ಓಡಿತು. ಮೂರು ವಾರ ಆ ಹಲಗೆಯ ಹಿಂದೆ ತಲೆ ತೂರಿಸಿ ಮಲಗಿದವನು, ಒಂದೂ ತಪ್ಪಲಿಲ್ಲ. ಕೊನೆಗೆ ಕೇಳದಿದ್ದ ಎರಡನ್ನೂ ಮುಟ್ಟಿ ತೋರಿಸಿದ.

ಷೆಡ್ಡಿನಲ್ಲಿ ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಭಾವ. ಬಲ್ಬಣ್ಣ ಟವೆಲು ಬಿಚ್ಚಿ ನೋಡಿದರೆ, ಆಹಾ, ಇನ್ಸ್‌ಪೆಕ್ಟರಮ್ಮ ಸಹಿ ಹಾಕುತ್ತಿದ್ದರು! ಅವನ ಮುಖ ಅವನೇ ಕೂರಿಸಿದ ದೊಡ್ಡ ದೀಪದ ಹಾಗೆ ಹೊಳೆಯಿತು. ಹೆಂಡತಿಯ ಕಡೆ ನೋಡಿ ಕಣ್ಣು ಮಿಟುಕಿಸಿದ.

"ಒಪ್ಪಿಗೆ ಕೊಟ್ಟಿದೀನಿ" ಎಂದರು ಇನ್ಸ್‌ಪೆಕ್ಟರಮ್ಮ. "ಒಂದು ಷರತ್ತು ಬರೆದಿದೀನಿ, ಓದ್ಕೊಳ್ಳಿ."

ಸ್ಟೋರಿನವರು ಹಾಳೆ ಇಸಕೊಂಡು ದೊಡ್ಡದಾಗಿ ಓದಿದರು: "ವಿಮಾನ ರಾತ್ರಿ ಹಾರಲು ಯೋಗ್ಯವಾಗಿದೆ. ಆದರೆ ಪ್ರತಿ ರಾತ್ರಿಯ ಹಾರಾಟದಲ್ಲೂ ಈ ವೈರಿಂಗ್ ಕೆಲಸದವನು ಪೈಲಟ್ಟರ ಪಕ್ಕದ ಸೀಟಿನಲ್ಲಿ ಕುಳಿತಿರತಕ್ಕದ್ದು."

ಬಲ್ಬಣ್ಣನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಏಣಿ ಹಿಡಿದುಕೊಂಡ.

"ಎಷ್ಟು... ಎಷ್ಟು ದಿನ ಅಮ್ಮ?"

"ಇವರು ಕಣ್ಣು ಕಟ್ಟಿ ಪಾಸಾಗೋ ತನಕ."

ಎಲ್ಲರೂ ಭಾವನ ಕಡೆ ನೋಡಿದರು. ಭಾವನ ಕಣ್ಣಲ್ಲಿ ನೀರು.

"ಪಾಸಾಗೋದಾ? ಈ ವಯಸ್ಸಲ್ಲಿ ನಾನ್ಯಾಕೆ ಅದೆಲ್ಲ ಕಲೀಲಿ ಅಮ್ಮ, ಬಾಮೈದ ಇರೋವಾಗ? ಪಕ್ಕದಲ್ಲಿ ಯಾರೂ ಇಲ್ಲದೆ ಮೂರು ಗಂಟೆ ಬಾಯಿ ಮುಚ್ಕೊಂಡು ಹೇಗಪ್ಪ ಹಾರೋದು ಅಂತ ಒಂದು ವಾರದಿಂದ ನನಗೆ ನಿದ್ದೆ ಇರಲಿಲ್ಲ!"

ಇನ್ಸ್‌ಪೆಕ್ಟರಮ್ಮ ಹೊರಟುಹೋದರು. ತಾತ ಬಲ್ಬಣ್ಣನ ಬೆನ್ನು ಸವರಿದ. ಸ್ಟೋರಿನವರು ತುಂಬ ಹೊತ್ತು ಯೋಚಿಸಿ, ಖಾಲಿ ಡಬ್ಬಿಯನ್ನು ತೊಳೆದು ತಂದುಕೊಟ್ಟರು. ಹೆಂಡತಿ ಮಾತ್ರ ಯಾವುದೋ ಬೇರೆ ಲೋಕದಲ್ಲಿದ್ದಳು. "ಅಂದ್ರೆ ನಾಳೆಯಿಂದ ಆರರಿಂದ ಒಂಬತ್ತು, ಮನೇಲಿ ನಾನು ಅತ್ತಿಗೆ ಇಬ್ರೇ" ಎಂದು ತನಗೇ ಹೇಳಿಕೊಂಡು, ಎಂದೂ ಇಲ್ಲದ ಚುರುಕಿನಲ್ಲಿ ಮನೆ ದಾರಿ ಹಿಡಿದಳು.

ಬಲ್ಬಣ್ಣ ಇನ್ನೂ ವಿಮಾನದ ಪಕ್ಕದಲ್ಲೇ ನಿಂತಿದ್ದ. ಮುಳುಗುತ್ತಿರುವವನಿಗೆ ಒಂದು ಹಲಗೆ ತೇಲಿಬಂದ ಹಾಗೆ ಅವನಿಗೆ ಒಂದು ಯೋಚನೆ ಬಂತು. ನಿಧಾನವಾಗಿ ಕೇಳಿದ:

"ಭಾವ, ಮೇಲೆ ಹೋದ ಮೇಲೆ ಎಂಜಿನ್ ಸದ್ದು ಜೋರಾಗಿರುತ್ತೆ ಅಲ್ವಾ? ಪಕ್ಕದಲ್ಲಿ ಕೂತೋರು ಏನು ಹೇಳಿದ್ರೂ ಕೇಳ್ಸಲ್ಲ, ಅಲ್ವಾ?"

ಭಾವ ಅವನ ತೊಡೆಗೆ ಒಂದು ಬಿಟ್ಟರು.

"ಅದಕ್ಕೆ ಯಾಕೋ ಹೆದರ್ತೀಯ! ಎರಡು ಕಿವಿಗೂ ಹೆಡ್‌ಫೋನ್ ಇದೆ. ಎಂಜಿನ್ ಸದ್ದು ಒಂಚೂರೂ ಒಳಗೆ ಬರಲ್ಲ. ನನ್ನ ಮಾತು ಮಾತ್ರ ಕೇಳುತ್ತೆ."